ಬಾಣಂತಿ ಕೆರೆ, ಬಾಯಲ್ಲಿ ಬೆಲ್ಲ

ಹೊಲಿಗೆ ಮೆಷಿನ್ನಿನ ಡ್ರಾಯರಿಗೆ ಹೊಲಿಯುವವರನ್ನು ಬಿಟ್ಟು ಬೇರೆ ಯಾರೂ ಕೈ ಹಾಕಬಾರದು. ಅದರೊಳಗೆ ಬಾಬಿನ್ನು, ಮುರಿದ ಸೂಜಿ, ಸೀಮೆಸುಣ್ಣ, ಯಾರದೋ ರವಿಕೆಯ ಹುಕ್ಕು, ಕಾಗದ ಬಿಟ್ಟು ಬಾರದ ಪೆಪ್ಪರಮಿಂಟು, ಹೀಗೆ ಇರುವುದೆಲ್ಲ ಇರುತ್ತದೆ. ಮೊನ್ನೆ ನಮ್ಮನೆಯವರು ಸಾಗರದ ನನ್ನ ಅಂಗಡಿಗೆ ಊಟದ ಡಬ್ಬಿ ತಂದವರು ಕನ್ನಡಕ ಒರೆಸಿಕೊಳ್ಳಲು ಬಟ್ಟೆ ಬೇಕೆಂದು ಆ ಡ್ರಾಯರನ್ನೇ ಎಳೆದರು. ನಾನು ತಿರುಗಿ ನೋಡುವಷ್ಟರಲ್ಲಿ ಒಂದು ಮಾಸಿದ ಹಸಿರು ಪಟ್ಟಿ ಅವರ ಕನ್ನಡಕದ ಮೇಲೆ ಓಡಾಡುತ್ತಿತ್ತು.

"ಇಡ್ರಿ ಅದನ್ನ!" ಎಂದೆ. ದನಿ ಸ್ವಲ್ಪ ಜೋರಾಯಿತೆಂದು ಕಾಣುತ್ತದೆ. ರವಿಕೆಯ ಅಳತೆ ಕೊಡಲು ನಿಂತಿದ್ದ ತುಮರಿಯ ಹೆಂಗಸು ಎತ್ತಿದ ತೋಳು ಇಳಿಸದೆ ಹಾಗೇ ನಿಂತುಬಿಟ್ಟಳು.

"ಒಂದು ಚಿಂದಿಗೆ ಇಷ್ಟು ಕೂಗಾಡ್ತೀಯಲ್ಲ ಮಾರಾಯ್ತಿ" ಎಂದರು ಇವರು. ಆಮೇಲೆ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಸರಿಯಾಗಿ ನೋಡಿ, "ಓ, ಇದು ನಿಮ್ಮೂರ ಮೂಕ ಮದುವೆ ಪಟ್ಟಿಯಾ?" ಎಂದು ನಕ್ಕರು.

ಚಿಂದಿಯಂತೆ, ಮೂಕ ಮದುವೆಯಂತೆ! ಅದು ಬಳೆಪಟ್ಟಿ. ಬಳೆಪಟ್ಟಿ ಎಂದರೇನೆಂದು ನಿಮಗೆ ಗೊತ್ತಿಲ್ಲದಿದ್ದರೆ ನಿಮ್ಮ ತಪ್ಪೇನೂ ಇಲ್ಲ. ನಮ್ಮೂರನ್ನು ದಾಟಿದರೆ ಅದು ಯಾರಿಗೂ ಗೊತ್ತಿಲ್ಲ. ಈಗ ನಮ್ಮೂರಲ್ಲೂ ಗೊತ್ತಿರುವವರು ಗೊತ್ತಿಲ್ಲದವರ ಹಾಗೆ ಓಡಾಡುತ್ತಿದ್ದಾರೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ನಮ್ಮೂರು ಹೊಸನಗರ ತಾಲ್ಲೂಕಿನ ಒಂದು ಮೂಲೆ. ಹೆಸರು ಹೇಳುವುದಿಲ್ಲ. ಹೇಳಿದರೆ ಬರುವ ಭಾನುವಾರ ನೀವೂ ಗಾಡಿ ತೆಗೆದು ಹೊರಡುತ್ತೀರಿ, ಆಮೇಲೆ ನಾನು ನಿಮ್ಮ ಮೇಲೂ ರೇಗಬೇಕಾಗುತ್ತದೆ. ಊರ ಮುಂದೆ ಒಂದು ಕೆರೆ, ಕೆರೆಯ ನಡುವೆ ನೀರಿನಲ್ಲೇ ನಿಂತ ಮರಗಳು. ಮುಂಗಾರು ಹಿಡಿದ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಉದ್ದ ಕತ್ತಿನ ಹಾವಕ್ಕಿ ಎಲ್ಲ ಬಂದು ಆ ಮರಗಳಲ್ಲಿ ಗೂಡು ಕಟ್ಟುತ್ತವೆ. ಮೊದಲ ಗೂಡು ಕಂಡ ದಿನದಿಂದ ಕೊನೆಯ ಮರಿ ಹಾರುವ ತನಕ ನಮ್ಮೂರಿನವರು ಅದನ್ನು ಕೆರೆ ಎನ್ನುವುದಿಲ್ಲ, ಬಾಣಂತಿ ಎನ್ನುತ್ತಾರೆ. ಅಂದರೆ ಹಡೆದು ಮಲಗಿದವಳು. "ಬಾಣಂತಿ ಹತ್ರ ದನ ಬಿಡಬೇಡ", "ಬಾಣಂತಿ ದಾಟಿ ಬರಾಕೆ ಹೊತ್ತಾಯ್ತು" ಎಂದು ಮಾತಾಡುತ್ತಾರೆ.

ಬಾಣಂತಿಯ ಕೋಣೆ ಮುಂದೆ ಹೇಗೆ ನಡೆಯಬೇಕೋ ಕೆರೆ ಏರಿಯ ಮೇಲೂ ಹಾಗೇ ನಡೆಯಬೇಕು. ಕೂಗಬಾರದು, ಓಡಬಾರದು, ಬಿಳಿ ಬಟ್ಟೆ ಬೀಸಬಾರದು. ಮೇಯಲು ಹೋಗುವ ದನಗಳ ಕೊರಳಗಂಟೆಗೆ ಒಣಹುಲ್ಲು ತುರುಕುತ್ತಿದ್ದರು. ನಮ್ಮಂಥ ಹುಡುಗಿಯರು ಕಾಲ್ಗೆಜ್ಜೆ ಬಿಚ್ಚಿ ಲಂಗದ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆವು. ಹೆಂಗಸರು ಬಳೆ ತೆಗೆಯುವ ಹಾಗಿಲ್ಲವಲ್ಲ, ಅದಕ್ಕೆ ಹಳೇ ಸೀರೆಯ ಸೆರಗಿನಿಂದ ಒಂದು ಪಟ್ಟಿ ಹರಿದು, ಬಳೆಗಳನ್ನೆಲ್ಲ ಮೊಣಕೈಯತ್ತ ಒತ್ತಿ, ಮೇಲೆ ಸುತ್ತಿ ಕಟ್ಟಿಕೊಳ್ಳುತ್ತಿದ್ದರು. ಒಂದು ಬಳೆ ಇನ್ನೊಂದಕ್ಕೆ ತಾಗುತ್ತಿರಲಿಲ್ಲ, ಸದ್ದೂ ಇರುತ್ತಿರಲಿಲ್ಲ. ಅದೇ ಬಳೆಪಟ್ಟಿ.

ಯಾಕೆ ಹೀಗೆ ಎಂದು ಕೇಳಿದರೆ ಅವ್ವ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡುತ್ತಿದ್ದಳು. "ಹಸುಗೂಸು ಮಲಗಿರೋ ಮನೆ ಮುಂದೆ ಯಾರಾದ್ರೂ ಕೂಗ್ತಾರೇನೆ?" ಅಷ್ಟೇ. ಅದಕ್ಕೊಂದು ಬೋರ್ಡು ಇರಲಿಲ್ಲ, ಸಮಿತಿ ಇರಲಿಲ್ಲ, ಬಣ್ಣ ಬಳಿದ ಕಮಾನೂ ಇರಲಿಲ್ಲ.

ಕಷ್ಟವಿದ್ದದ್ದು ನನ್ನೊಬ್ಬಳದು. ನನಗೆ ಹುಟ್ಟಿನಿಂದಲೇ ಬಾಯಿ ಜಾಸ್ತಿ. ನಿದ್ದೆಯಲ್ಲೂ ಮಾತಾಡುತ್ತಿದ್ದೆನಂತೆ, ಅದೂ ಜಗಳ. ಇಂಥವಳನ್ನು ಬಾಯಿ ಮುಚ್ಚಿಸಿ ಏರಿ ದಾಟಿಸಲು ಅವ್ವ ಒಂದು ಉಪಾಯ ಕಂಡುಕೊಂಡಿದ್ದಳು. ಏರಿ ಶುರುವಾಗುವಲ್ಲಿ ಒಂದು ಅತ್ತಿಮರ. ಅಲ್ಲಿಗೆ ಬಂದ ಕೂಡಲೇ ಮಡಿಲಿನಿಂದ ಉಂಡೆಬೆಲ್ಲದ ಒಂದು ಚೂರು ತೆಗೆದು ನನ್ನ ಬಾಯಿಗೆ ತುರುಕುವಳು. ಕಚ್ಚುವ ಹಾಗಿಲ್ಲ, ಚೀಪಬೇಕು, ಆಚೆ ತುದಿ ಮುಟ್ಟುವ ತನಕ ಅದು ಬಾಯಲ್ಲಿರಬೇಕು. ನಾನು ಅರ್ಧ ದಾರಿಗೇ ಕಟಕಟ ಕಡಿದು ಮುಗಿಸಿ "ಅವ್ವಾ, ಬೆಲ್ಲ ಆಯ್ತು!" ಎಂದು ಊರಿಗೆಲ್ಲ ಕೇಳುವ ಹಾಗೆ ಸಾರುತ್ತಿದ್ದೆ. ಮರುದಿನದಿಂದ ಚೂರು ದೊಡ್ಡದಾಗುತ್ತಿತ್ತು. ನನ್ನ ದವಡೆ ಹಲ್ಲುಗಳೆಲ್ಲ ಹುಳುಕಾದದ್ದು ಆ ಬೆಳ್ಳಕ್ಕಿಗಳ ಬಾಣಂತನಕ್ಕೆ. ಪಕ್ಕದ ಮನೆಯ ಶೇಖರ ನನ್ನ ಜೊತೆ ಶಾಲೆಗೆ ಬರುತ್ತಿದ್ದ, ಅವನಿಗೂ ಅವ್ವ ಒಂದು ಚೂರು ಕೊಡುತ್ತಿದ್ದಳು. ಅವನು ಜಾಣ, ಕಚ್ಚದೆ ಕೆನ್ನೆಯೊಳಗಿಟ್ಟುಕೊಂಡು ಶಾಲೆಯ ಗಂಟೆ ಹೊಡೆಯುವ ತನಕ ಚೀಪುತ್ತಿದ್ದ. ಈ ಶೇಖರನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬಿಳಿ ಅಂಗಿ ಹಾಕಿಕೊಂಡು ಬರುತ್ತಾನೆ.

ಇನ್ನು ಆ ಮೂಕ ಮದುವೆಯ ವಿಷಯ. ಇವರು ಅದನ್ನು ಕಂಡವರಿಗೆಲ್ಲ ಹೇಳುತ್ತಾರೆ, ಹಾಗಾಗಿ ನಾನೇ ಹೇಳಿಬಿಡುವುದು ವಾಸಿ. ನಮ್ಮ ಮದುವೆ ಶ್ರಾವಣದಲ್ಲಾಯಿತು. ಗಂಡಿನ ದಿಬ್ಬಣ ಸಾಗರದಿಂದ ಬಂತು. ಇವರ ಸೋದರಮಾವ ತೀರ್ಥಹಳ್ಳಿಯವರು, ದೊಡ್ಡ ಮನುಷ್ಯರು. ತಮ್ಮ ಕಡೆಯಿಂದ ಇರಲಿ ಎಂದು ಬ್ಯಾಂಡ್‌ಸೆಟ್ ಕರೆಸಿದ್ದರು. ಅವರು ಊದುತ್ತ ಬಡಿಯುತ್ತ ಅತ್ತಿಮರದ ಹತ್ತಿರ ಬಂದರೆ ಅಲ್ಲಿ ನಮ್ಮ ದೊಡ್ಡಪ್ಪ ಕೈಮುಗಿದುಕೊಂಡು ಅಡ್ಡ ನಿಂತಿದ್ದರು.

"ದಯಮಾಡಿ ವಾದ್ಯ ನಿಲ್ಸಿ. ಬಾಣಂತಿ ಇದಾಳೆ."

ಸೋದರಮಾವನ ಮುಖ ಕಪ್ಪಿಟ್ಟಿತು. "ಅಂದ್ರೆ? ಪುರುಡಿನ ಮನೇಲಿ ಮದುವೆ ಮಾಡ್ತೀರೇನ್ರಿ?" ಎಂದು ದಿಬ್ಬಣವನ್ನು ವಾಪಸು ತಿರುಗಿಸಲೇ ಹೊರಟರಂತೆ. ಹಡೆದದ್ದು ಮನೆಯವರಲ್ಲ, ಬೆಳ್ಳಕ್ಕಿಗಳು ಎಂದು ತಿಳಿಸಿ ಹೇಳುವಷ್ಟರಲ್ಲಿ ದೊಡ್ಡಪ್ಪನಿಗೆ ಸಾಕುಸಾಕಾಗಿತ್ತು. ಕೊನೆಗೆ ಬ್ಯಾಂಡಿನವರು ಕೊಳಲು ಕಹಳೆಗಳನ್ನೆಲ್ಲ ಕಂಕುಳಲ್ಲಿ ಇಟ್ಟುಕೊಂಡು, ದೊಡ್ಡ ಡೋಲಿನವನು ಡೋಲನ್ನು ಮಗುವಿನ ಹಾಗೆ ತಬ್ಬಿಕೊಂಡು, ಇಡೀ ದಿಬ್ಬಣ ಪಿಟ್ಟೆನ್ನದೆ ಏರಿ ದಾಟಿತು. ಮದುಮಗನೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದ. ಸೋದರಮಾವ ಆಚೆ ತುದಿಯಲ್ಲಿ, "ಇಂಥ ಮೆರವಣಿಗೇಲಿ ನಾನು ಇದುವರೆಗೆ ಹೋಗಿದ್ದು ಬೇರೆ ಕೆಲಸಕ್ಕೆ" ಎಂದರಂತೆ.

"ಅವತ್ತು ಸುಮ್ಮನಿದ್ದಿದ್ದೇ ಕಡೆ. ಆಮೇಲೆ ನಮ್ಮನೇಲಿ ಸದ್ದು ನಿಂತಿಲ್ಲ" ಎನ್ನುವುದು ಇವರ ಮುಕ್ತಾಯ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಒಳಗೊಳಗೇ ಹೆಮ್ಮೆ. ಊರಿಗೆ ಊರೇ ಸೇರಿ ಒಂದು ಹಕ್ಕಿಗೋಸ್ಕರ ಬೀಗರನ್ನು ಎದುರು ಹಾಕಿಕೊಂಡ ಮನೆತನದವಳು ನಾನು.

ಈ ಅಭ್ಯಾಸ ಎಷ್ಟು ಗಟ್ಟಿಯೆಂದರೆ, ಮದುವೆಯಾದ ಹೊಸತರಲ್ಲಿ ತುಮರಿಯ ನೆಂಟರ ಮನೆಗೆ ಲಾಂಚಿನಲ್ಲಿ ಹೋಗುವಾಗ, ಶರಾವತಿಯ ಹಿನ್ನೀರು ಕಂಡಿದ್ದೇ ತಡ, ನನ್ನ ಕೈ ತಾನಾಗಿ ಕರ್ಚೀಫು ಎಳೆದು ಬಳೆಗೆ ಸುತ್ತತೊಡಗಿತ್ತು. ಪಕ್ಕದಲ್ಲಿದ್ದ ಬ್ಯಾಕೋಡಿನ ಅಜ್ಜಿ "ಪಾಪ, ಗಾಯ ಆಗಿದ್ಯಾ ಮಗಾ? ಗಂಡ ಹೊಡ್ದನಾ?" ಎಂದು ಕೇಳಿ ಇವರನ್ನು ದುರುಗುಟ್ಟಿ ನೋಡಿದ್ದಳು. ಇವರು ಆಚೆ ದಡ ಮುಟ್ಟುವ ತನಕ ನನ್ನಿಂದ ದೂರ ನಿಂತಿದ್ದರು.

ಡ್ರಾಯರಿನ ಹಸಿರು ಪಟ್ಟಿ ಮಾತ್ರ ನನ್ನದಲ್ಲ. ಅದು ನನ್ನ ಅಣ್ಣನ ಹೆಂಡತಿ ಸರೋಜತ್ತಿಗೆಯದು. ಅಣ್ಣ ತೀರಿಕೊಂಡು ಕಾರ್ಯವೆಲ್ಲ ಮುಗಿದ ದಿನ, ನಾನು ಸಾಗರಕ್ಕೆ ಹೊರಟಾಗ, ಅತ್ತಿಗೆ ಅದನ್ನು ಮಡಿಸಿ ನನ್ನ ಕೈಯಲ್ಲಿಟ್ಟು "ನಂಗೆ ಇನ್ನು ಬೇಡಲ್ಲ, ನೀ ಇಟ್ಕ" ಎಂದಳು. ಅವಳ ಬರಿಗೈ ನೋಡಲಾರದೆ ನಾನು ಬಸ್ಸಿನ ತನಕ ತಲೆ ಎತ್ತಲಿಲ್ಲ. ಆ ಬಳೆ ತೆಗೆಸಿದವರ ಮೇಲೂ ನನಗೆ ಸಿಟ್ಟಿದೆ. ಆ ಜಗಳ ಇನ್ನೊಮ್ಮೆ ಆಡೋಣ.

ಅತ್ತಿಗೆಗೆ ಜಮೀನು ಅಷ್ಟಕ್ಕಷ್ಟೆ. ಕೆರೆಯನ್ನು ಪಕ್ಷಿ ನೋಡುವ ತಾಣ ಮಾಡುತ್ತಾರೆಂದು ಸುದ್ದಿಯಾಗಿ, ಊರಲ್ಲೊಂದು ಸಮಿತಿ ಆಗಿ, ಅತ್ತಿಮರದ ಹತ್ತಿರ ಗೇಟು ಬಂದಾಗ, ಗೇಟಿನ ಪಕ್ಕ ಒಂದು ಗೂಡಂಗಡಿ ಇಟ್ಟುಕೊಳ್ಳಲು ಅವಳಿಗೆ ಜಾಗ ಕೊಟ್ಟರು. ಬೆಲ್ಲದ ಕಾಫಿ, ಒಗ್ಗರಣೆ ಅವಲಕ್ಕಿ, ಮಂಡಕ್ಕಿ. ಅದೇ ಈಗ ಅವಳ ಜೀವನ. ನಾನೂ ಖುಷಿಪಟ್ಟಿದ್ದೆ. ನಮ್ಮ ಬಾಣಂತಿಯನ್ನು ನಾಲ್ಕು ಜನ ಬಂದು ನೋಡಲಿ ಎಂದೇ ಅಂದುಕೊಂಡಿದ್ದೆ. ಬಾಣಂತಿಯನ್ನು ನೋಡಲು ನೆಂಟರು ಬರುವುದಿಲ್ಲವೇ? ಬಂದು ಮೆಲ್ಲಗೆ ಮಾತಾಡಿ, ಮಗುವಿನ ಕೈಗೆ ಏನಾದರೂ ಇಟ್ಟು ಹೋಗುವುದಿಲ್ಲವೇ?

ಈ ಶ್ರಾವಣದಲ್ಲಿ ಅತ್ತಿಗೆ ಫೋನ್ ಮಾಡಿದಳು. "ಈ ಭಾನ್ವಾರ ಬಾರೆ ಸುಮಿತ್ರಾ. ಮರಿ ಒಡೆದಾವೆ. ಮುಂದಿನ ಭಾನ್ವಾರ ಆದ್ರೆ ನೋಡಾಕೆ ಎಂತ ಉಳಿತದೋ." ಯಾಕೆಂದು ಕೇಳಿದರೆ "ಬಾ, ಹೇಳ್ತೀನಿ" ಎಂದಳಷ್ಟೆ.

ಹೋದೆವು. ಮಳೆ ಬಿಟ್ಟು ಹೊಳವಾಗಿತ್ತು. ಇವರು ಆನ್‌ಲೈನಿನಲ್ಲಿ ತರಿಸಿದ ಬೈನಾಕ್ಯುಲರನ್ನು ಕೊರಳಿಗೆ ಹಾಕಿಕೊಂಡು ಹೊಸನಗರದ ದಾರಿಯುದ್ದಕ್ಕೂ ಕಿಟಕಿಯಿಂದ ನೋಡುತ್ತ "ಎಂತದೋ ಕಪ್ಪು ಹಕ್ಕಿ, ಬಾಲ ಉದ್ದ ಇದೆ" ಎನ್ನುತ್ತಿದ್ದರು. ಅವರು ನೋಡುತ್ತಿದ್ದದ್ದು ತಮ್ಮ ರೆಪ್ಪೆಯನ್ನೇ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆಯೇ ಯಾಕೆ ಜಗಳ ಎಂದು ಸುಮ್ಮನಿದ್ದೆ. ನಾನು ಕಪ್ಪು ಹಸಿರಿನ ಹಳೇ ಸೀರೆ ಉಟ್ಟು ಬಳೆಪಟ್ಟಿ ಕಟ್ಟಿಕೊಂಡಿದ್ದೆ.

ಗೇಟು ಕಂಡ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. ಸಿಮೆಂಟಿನ ಕಮಾನು, ಅದರ ಮೇಲೆ ಸಿಮೆಂಟಿನ ಎರಡು ಹಕ್ಕಿ, ಮೈಗೆಲ್ಲ ಗುಲಾಬಿ ಬಣ್ಣ. ಆ ಬಣ್ಣದ ಆ ಹಕ್ಕಿ ನಮ್ಮ ಕೆರೆಗೆ ನನ್ನ ಅಜ್ಜಿಯ ಅಜ್ಜಿಯ ಕಾಲದಲ್ಲೂ ಬಂದದ್ದಿಲ್ಲ. ಕಮಾನಿನ ಪಕ್ಕ ಎರಡು ರೆಕ್ಕೆಯ ಚಿತ್ರ, ನಡುವೆ ನಿಂತು ಫೋಟೋ ತೆಗೆಸಿಕೊಳ್ಳಲು. ಅದಕ್ಕೆ ಸಾಲು. ಕೆರೆಗೆ ಬೆನ್ನು ಹಾಕಿಕೊಂಡು, ಗೋಡೆಯ ರೆಕ್ಕೆ ಅಂಟಿಸಿಕೊಂಡು, ಹಕ್ಕಿಯಾಗಲು ಜನ ಕಾಯುತ್ತಿದ್ದರು.

ಅಷ್ಟರಲ್ಲಿ ನೆತ್ತಿಯ ಮೇಲಿಂದ ಯಾರೋ ಕಿರುಚಿದಂತಾಯಿತು. "ಪ್ರಿಯ ಪ್ರವಾಸಿಗರೇ! ದಯವಿಟ್ಟು ನಿಶ್ಶಬ್ದ ಕಾಪಾಡಿ! ಶಬ್ದ ಮಾಡಿ ಹಕ್ಕಿಗಳಿಗೆ ತೊಂದರೆ ಕೊಡಬೇಡಿ!"

ಕಂಬಕ್ಕೆ ಕಟ್ಟಿದ ಲೌಡ್‌ಸ್ಪೀಕರು! ನೀವೇ ಹೇಳಿ, ಇದಕ್ಕೆ ಏನೆನ್ನಬೇಕು? ಮಗು ಮಲಗಿದೆ, ಸದ್ದು ಮಾಡಬೇಡಿ ಎಂದು ತೊಟ್ಟಿಲ ಪಕ್ಕ ತಮಟೆ ಬಡಿದು ಸಾರುವವರನ್ನು ನೀವೆಲ್ಲಾದರೂ ಕಂಡಿದ್ದೀರಾ? ಅದು ಮುಗಿದ ಮೇಲೆ ಅದೇ ಸ್ಪೀಕರಿನಿಂದ ರೆಕಾರ್ಡು ಮಾಡಿದ ಹಕ್ಕಿಗಳ ದನಿ. ಮೊದಲು ಕೋಗಿಲೆ. ಶ್ರಾವಣದಲ್ಲಿ, ಬೆಳ್ಳಕ್ಕಿಗಳ ಕೆರೆಯಲ್ಲಿ, ಕೋಗಿಲೆ! ಅದಾದ ಮೇಲೆ ಒಂದು ಸಿನಿಮಾ ಹಾಡಿನ ಕೊಳಲು. ಮತ್ತೆ ಪ್ರಿಯ ಪ್ರವಾಸಿಗರೇ.

"ಬಿಡೆ ಮಾರಾಯ್ತಿ, ನೋಡಾಕೆ ಬಂದಿದೀವಿ, ನೋಡ್ಕಂಡು ಹೋಗಾನ" ಎಂದರು ಇವರು.

ನೋಡಿದ್ದೇನು ಎಂದು ಹೇಳುತ್ತೇನೆ ಕೇಳಿ. ಏರಿಯ ಮೇಲೆ ಜಾತ್ರೆಯಷ್ಟು ಜನ. ಒಬ್ಬನ ಕೈಯಲ್ಲಿ ನೀಲಿ ಬಣ್ಣದ ಹಾಡಿನ ಡಬ್ಬಿ. ಇನ್ನೊಬ್ಬ, ಒಳ್ಳೇ ಓದಿದವನ ಹಾಗೆ ಕಾಣುತ್ತಿದ್ದ, ಹೆಂಡತಿ ಮೊಬೈಲು ಹಿಡಿದು ತಯಾರಾಗುವ ತನಕ ಕಾದು ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಹಕ್ಕಿ ಏಳಬೇಕಲ್ಲ, ವಿಡಿಯೋ ಬರಬೇಕಲ್ಲ! "ಕೂತಿದ್ರೆ ಎಂತ ನೋಡದು, ಹಾರ್ಬೇಕು" ಎಂದು ಮಗುವಿಗೆ ಪಾಠ ಬೇರೆ. ಬಾತುಕೋಳಿ ಆಕಾರದ ಪ್ಲಾಸ್ಟಿಕ್ ದೋಣಿಗಳು ಪೆಡಲು ತುಳಿಸಿಕೊಂಡು ಗೂಡಿನ ಮರಗಳ ಬುಡಕ್ಕೇ ಹೋಗಿ ಮೂತಿ ಉಜ್ಜುತ್ತಿದ್ದವು. ಮರಗಳ ಮೇಲೆ ತಾಯಿಗಳು ಕತ್ತು ನೆಟ್ಟಗೆ ಮಾಡಿಕೊಂಡು ಕೂತಿದ್ದವು. ಬಾಣಂತಿ ಕೋಣೆಗೆ ಚಪ್ಪಲಿ ಕಾಲಲ್ಲೇ ನುಗ್ಗಿದವರ ಎದುರು ಬಾಣಂತಿ ಹೇಗೆ ಕೂರುತ್ತಾಳೋ ಹಾಗೆ. ನನಗೆ ನಾಚಿಕೆಯಾಯಿತು. ಯಾರ ಪರವಾಗಿ ನಾಚಿಕೆಪಡುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ.

ಅತ್ತಿಗೆಯ ಅಂಗಡಿಯಲ್ಲಿ ಇನ್ನೊಂದು ತಮಾಷೆ. ಅವಳು ಎಂದಿನ ಅಭ್ಯಾಸದಂತೆ ಪಿಸುಮಾತಿನಲ್ಲೇ ವ್ಯಾಪಾರ ಮಾಡುತ್ತಿದ್ದಳು. "ಕಾಫಿಗೆ ಹಾಲು ಹಾಕ್ಲಾ?" ಎಂದರೆ ಗಿರಾಕಿ "ಹಾಂ? ಜೋರಾಗಿ ಹೇಳಮ್ಮ!" ಎಂದು ಕಿವಿ ಮುಂದೆ ತರುತ್ತಾನೆ. ಒಬ್ಬಾಕೆ ಅಂತೂ ಕರುಣೆಯಿಂದ "ಡಾಕ್ಟ್ರಿಗೆ ಗಂಟ್ಲು ತೋರ್ಸಿ ಅಮ್ಮಾ, ಬಿಡಬೇಡಿ" ಎಂದು ಹೇಳಿಹೋದಳು. ಅತ್ತಿಗೆ ನಕ್ಕಳು. ಇಡೀ ಕೆರೆಯಲ್ಲಿ ನಿಶ್ಶಬ್ದ ಕಾಪಾಡುತ್ತಿದ್ದದ್ದು ಅವಳೊಬ್ಬಳೇ, ಅದಕ್ಕೆ ಅವಳಿಗೆ ಕಾಯಿಲೆ ಎಂಬ ಹೆಸರು.

"ಮುಂದಿನ ಭಾನ್ವಾರ ಪಕ್ಷಿ ಹಬ್ಬ ಅಂತೆ" ಎಂದಳು ನನ್ನ ಕಿವಿಯ ಹತ್ತಿರ. "ಮಂತ್ರಿ ಬರ್ತಾರಂತೆ. ಶಿವಮೊಗ್ಗದಿಂದ ದೊಡ್ಡ ದೊಡ್ಡ ಸೌಂಡ್ ಬಾಕ್ಸು, ಡಿಜೆ, ಪಟಾಕಿ. ಮರಿಗೆ ಇನ್ನೂ ಪುಕ್ಕನೇ ಬಂದಿಲ್ಲ ಸುಮಿತ್ರಾ. ತಾಯಿ ಹೆದ್ರಿ ಎದ್ದು ಹೋದ್ರೆ ಕಾಗೆ ಬಿಡ್ತಾವಾ? ಒಂದು ಮರೀನೂ ಉಳಿಯಲ್ಲ."

"ಯಾರದು ಈ ಬುದ್ಧಿ?"

"ಶೇಖರಂದು. ಅವನೇ ಅಲ್ವಾ ಅಧ್ಯಕ್ಷ."

ಲೌಡ್‌ಸ್ಪೀಕರು ಮತ್ತೆ ಶುರುವಾಯಿತು. ಆಗ ನೋಡಿದೆ. ಕಂಬದಿಂದ ಇಳಿದ ವೈರು ಅತ್ತಿಗೆಯ ಅಂಗಡಿಯೊಳಗೇ ಬಂದು, ಅವಳ ಬಲ್ಬಿನ ಪಕ್ಕದ ಪ್ಲಗ್ಗಿಗೆ ಸೇರಿತ್ತು. "ಕರೆಂಟು ನಿನ್ನ ಅಂಗಡಿದು! ಕಿತ್ತು ಬಿಸಾಡು ಅತ್ತಿಗೆ!" ಎಂದೆ.

ಅತ್ತಿಗೆ ಕಾಫಿಯ ಲೋಟ ತೊಳೆಯುತ್ತಲೇ ಹೇಳಿದಳು. "ದಿನಾ ಅನ್ಸುತ್ತೆ. ಕಿತ್ರೆ ನಾಳೆ ಅಂಗಡಿ ಕೀಳ್ತಾರೆ. ಜಾಗ ಕೊಟ್ಟಿದ್ದು ಅವ್ರು, ತಗಳದೂ ಅವ್ರೇ. ಹೊಟ್ಟೆಗೆ ಎಂತ ಮಾಡ್ಲಿ?"

ಅವಳು ಹೇಳಿದ್ದು ಸರಿಯಾಗಿತ್ತು. ಎದುರಿನವರು ಸರಿ ಹೇಳಿದಾಗ ನನಗೆ ಸಿಟ್ಟು ಇನ್ನೂ ಜಾಸ್ತಿ ಬರುತ್ತದೆ. ಅದೇ ಹೊತ್ತಿಗೆ ಸರಿಯಾಗಿ ಶೇಖರ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು. ಬಾಣಂತಿಯ ಮುಂದೆ ಬಿಳಿ ಬಟ್ಟೆ!

"ಓಹೋ, ಸುಮಿತ್ರಾ! ಯಾವಾಗ ಬಂದಿ? ಹೆಂಗಿದೆ ನಮ್ಮ ಕೆರೆ? ಗುರುತೇ ಸಿಗಲ್ಲ ಅಲ್ವಾ?"

"ಗುರುತು ಸಿಗದ ಹಾಗೆ ಮಾಡಿದೀಯಲ್ಲ ಶೇಖರ, ನಿಂಗೇನು ಬಂದಿದ್ಯೋ? ಮರಿ ಇರೋ ಹೊತ್ತಲ್ಲಿ ಡಿಜೆ ಹಾಕ್ತೀಯಂತಲ್ಲ?"

"ಎಂತ ಮಾಡದು ಮಾರಾಯ್ತಿ, ಮಂತ್ರಿಗಳಿಗೆ ಅದೇ ದಿನ ಪುರ್ಸೊತ್ತು. ಹಕ್ಕಿಗಳಿಗೂ ಅಭ್ಯಾಸ ಆಗತ್ತೆ ಬಿಡು. ನಾಲ್ಕು ಜನ ಬಂದ್ರೆ ಊರು ಉದ್ಧಾರ. ನಿಮ್ಮ ಸರೋಜಕ್ಕನೂ ಎರಡು ಕಾಸು ನೋಡ್ತಾಳೆ. ಸಾಗರದಲ್ಲಿ ಕೂತು ಹೇಳದು ಸುಲಭ."

"ಅಭ್ಯಾಸ ಆಗತ್ತಾ? ನಿನ್ನ ಹೆಂಡ್ತಿ ಹಡೆದು ಮಲಗಿದಾಗ ಕೋಣೆ ಒಳಗೆ ಡೊಳ್ಳು ಬಡಿದಿದ್ರೆ ಅಭ್ಯಾಸ ಆಗ್ತಿತ್ತೇನೋ?"

"ಮೆಲ್ಲಗೆ, ಮೆಲ್ಲಗೆ" ಎಂದರು ಇವರು, ಬೈನಾಕ್ಯುಲರು ಕೆಳಗಿಳಿಸಿ.

ಮೆಲ್ಲಗಂತೆ! ಶೇಖರನ ಮುಖಕ್ಕೆ ಬೆರಳು ಚಾಚಿದೆ. "ನಮ್ಮವ್ವನ ಕೈಯಿಂದ ಬೆಲ್ಲ ತಿಂದವನು ನೀನು! ಈ ಏರಿ ಮೇಲೆ ಉಸಿರು ಬಿಡದೆ ನಡೆದವನು! ಅಧ್ಯಕ್ಷನಂತೆ ಅಧ್ಯಕ್ಷ! ಈ ಕೆರೆ ಬಾಣಂತಿ ಕಣೋ! ಬಾಣಂತಿ!"

ಆ ಕೊನೆಯ ಮಾತು ನನ್ನ ಬಾಯಿಂದ ಹೊರಟಿತೋ ಹೊಟ್ಟೆಯಿಂದ ಹೊರಟಿತೋ ಗೊತ್ತಿಲ್ಲ. ಆಚೆ ದಡದ ಗುಡ್ಡಕ್ಕೆ ಬಡಿದು ವಾಪಸು ಬಂದದ್ದು ಮಾತ್ರ ಕೇಳಿಸಿತು. ಅದರ ಹಿಂದೆಯೇ ಭರ್ರೆಂದು ಸದ್ದು. ತಿರುಗಿ ನೋಡಿದರೆ ಮರಗಳ ಮೇಲಿದ್ದ ಅಷ್ಟೂ ಹಕ್ಕಿ ಒಟ್ಟಿಗೆ ಮೇಲೆದ್ದಿದ್ದವು. ಲೌಡ್‌ಸ್ಪೀಕರಿಗೆ ಏಳದವು, ಚಪ್ಪಾಳೆಗೆ ಬರೀ ಕದಲಿದ್ದವು, ನನ್ನ ಬಾಯಿಗೆ ಎದ್ದಿದ್ದವು. ಆಕಾಶವೆಲ್ಲ ಬೆಳ್ಳಗಾಯಿತು.

ಏರಿಯ ಮೇಲಿದ್ದ ಜನ ಹೋ ಎಂದು ಕುಣಿದರು. "ಸೂಪರ್ ಆಂಟಿ! ಇನ್ನೊಂದ್ಸಲ, ಇನ್ನೊಂದ್ಸಲ!" ಚಪ್ಪಾಳೆಯವನು ಹೆಬ್ಬೆರಳು ಎತ್ತಿ ತೋರಿಸಿದ. ನನ್ನ ಜನ್ಮದಲ್ಲಿ ನನಗೆ ಅಷ್ಟು ಚಪ್ಪಾಳೆ ಬಿದ್ದದ್ದು ಅದೇ ಮೊದಲು, ಅದಕ್ಕಿಂತ ದೊಡ್ಡ ಅವಮಾನ ಆದದ್ದೂ ಇಲ್ಲ. ನಾನು ನೋಡುತ್ತಿದ್ದದ್ದು ಬರಿದಾದ ಗೂಡುಗಳನ್ನು. ಎಲ್ಲಿದ್ದವೋ ಏನೋ, ಕಾಗೆಗಳು ಬಂದೇಬಿಟ್ಟವು. ಒಂದು ಕಾಗೆ ಹತ್ತಿರದ ಮರದ ತುದಿಯ ಗೂಡಿಗೆ ಇಳಿದು, ತಿಳಿನೀಲಿ ಮೊಟ್ಟೆಯೊಂದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು, ಯಾವ ಅವಸರವೂ ಇಲ್ಲದೆ ಹಾರಿಹೋಯಿತು. ನಾನು ಮತ್ತೆ ಕೂಗಲು ಬಾಯಿ ತೆರೆದೆ.

ತೆರೆದ ಬಾಯಿಗೆ ಏನೋ ಬಂದು ತುಂಬಿತು. ಉಂಡೆಬೆಲ್ಲ. ಸರೋಜತ್ತಿಗೆ ಅಂಗಡಿ ಬಿಟ್ಟು ಎದ್ದು ಬಂದು ನನ್ನೆದುರು ನಿಂತಿದ್ದಳು. ಕಾಫಿಗೆ ಜಜ್ಜಿಟ್ಟುಕೊಂಡಿದ್ದ ಬೆಲ್ಲದ ದೊಡ್ಡ ಚೂರನ್ನೇ ನನ್ನ ಬಾಯಿಗೆ ತುರುಕಿದ್ದಳು.

ಆಮೇಲೆ ಶೇಖರನ ಕಡೆ ತಿರುಗಿದಳು. ಇನ್ನೊಂದು ಚೂರು ಕೈಯಲ್ಲಿತ್ತು. "ಬಾಯಿ ಬಿಡು ಶೇಖರ."

ಅವನು ಏನೋ ಹೇಳಲು ಹೊರಟವನು ಆ ಕೈ ಕಂಡು ಸುಮ್ಮನೆ ಬಾಯಿ ತೆರೆದ. ಇಸ್ತ್ರಿ ಅಂಗಿಯ ಅಧ್ಯಕ್ಷ, ಶಾಲೆಗೆ ಹೋಗುವ ಹುಡುಗನ ಹಾಗೆ! ಅತ್ತಿಗೆ ಬೆಲ್ಲ ಹಾಕಿದಳು. ಅದು ಅವನ ಎಡಗೆನ್ನೆಗೆ ಸರಿದದ್ದು ನನಗೆ ಕಂಡಿತು, ಮೊದಲಿನ ಹಾಗೇ.

ಅತ್ತಿಗೆ ಅಂಗಡಿಗೆ ವಾಪಸು ಹೋದಳು. ನೆತ್ತಿಯ ಮೇಲೆ "ಪ್ರಿಯ ಪ್ರವಾಸಿಗರೇ, ದಯವಿಟ್ಟು" ಎಂದು ಶುರುವಾಗಿತ್ತು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಗ್ಗಿ, ಪ್ಲಗ್ಗನ್ನು ಎಳೆದುಹಾಕಿದಳು.

ಸದ್ದು ನಿಂತ ಮೇಲೆ ಜನರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಷ್ಟು ಹೊತ್ತು ಸದ್ದಿನ ಮೇಲೆ ಸದ್ದು ಮಾಡುತ್ತಿದ್ದವರು ತಮ್ಮ ಮಾತು ತಮಗೇ ಕೇಳಿಸಿ ಗಾಬರಿಯಾದವರಂತೆ ದನಿ ತಗ್ಗಿಸಿದರು. ಹಾಡಿನ ಡಬ್ಬಿಯವನು ತಾನಾಗಿ ಅದನ್ನು ಆರಿಸಿ ಚೀಲಕ್ಕೆ ಹಾಕಿಕೊಂಡ. ನಾವು ಮೂವರೂ ಬಾಯಿ ಮುಚ್ಚಿ ಮರಗಳನ್ನೇ ನೋಡುತ್ತ ನಿಂತೆವು. ಇವರಂತೂ ಬೆಲ್ಲ ಇಲ್ಲದೆಯೇ ಬಾಯಿ ಮುಚ್ಚಿಕೊಂಡಿದ್ದರು. ಒಂದು ಬೆಳ್ಳಕ್ಕಿ ಸುತ್ತು ಹೊಡೆದು ಬಂದು ಕೂತಿತು. ಆಮೇಲೆ ಇನ್ನೊಂದು. ಆಮೇಲೆ ಸಾಲಾಗಿ ಬಂದು ತಂತಮ್ಮ ಗೂಡಿಗೆ ಇಳಿದವು. ತುದಿಯ ಗೂಡಿಗೆ ಬಂದದ್ದು ಮಾತ್ರ ಕೂರದೆ, ಗೂಡಿನ ಅಂಚಿನ ಮೇಲೆ ಆ ಕಡೆ ಈ ಕಡೆ ನಡೆದಾಡುತ್ತ ಒಳಗೆ ಬಗ್ಗಿ ಬಗ್ಗಿ ನೋಡುತ್ತಿತ್ತು. ಬಾಯಲ್ಲಿದ್ದ ಬೆಲ್ಲ ನನಗೆ ಕಹಿಯಾಯಿತು.

ಬೆಲ್ಲ ಕರಗಿದ ಮೇಲೆ ಶೇಖರ ಮಾತಾಡಿದ. ಪಿಸುಮಾತಿನಲ್ಲೇ ಮಾತಾಡಿದ ಎಂಬುದನ್ನು ನಾನು ಒಪ್ಪಿಕೊಳ್ಳಬೇಕು. "ಹಬ್ಬ ಮುಂದೆ ಹಾಕ್ತೀನಿ. ದೀಪಾವಳಿ ಕಳೀಲಿ." ಆಮೇಲೆ ಅಂಗಡಿಯತ್ತ ನೋಡಿ, "ಆದ್ರೆ ಸರೋಜಕ್ಕ, ಅಷ್ಟು ಜನರ ಎದ್ರಿಗೆ ಹಿಂಗ್ ಮಾಡಬಾರ್ದಿತ್ತು ನೀವು" ಎಂದ.

ಅತ್ತಿಗೆ ತೊಳೆದ ಲೋಟಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದಳು.

ಹಬ್ಬ ನಿಜಕ್ಕೂ ಮುಂದೆ ಹೋಯಿತು. ಕತೆ ಇಲ್ಲಿಗೆ ನಿಲ್ಲಿಸಿದರೆ ನಿಮಗೂ ಸಮಾಧಾನ, ನನಗೂ ಸಮಾಧಾನ. ಆದರೆ ನನ್ನ ಹಣೆಯಲ್ಲಿ ಸಮಾಧಾನ ಬರೆದಿಲ್ಲ. ಒಂದು ವಾರಕ್ಕೆ ಪೇಪರಿನಲ್ಲಿ ಶೇಖರನ ಫೋಟೋ ಬಂತು. ಕೊರಳಲ್ಲಿ ಬೈನಾಕ್ಯುಲರು, ಹಿಂದೆ ಕೆರೆ. ಮರಿಹಕ್ಕಿಗಳ ಮೇಲಿನ ಕಾಳಜಿಯಿಂದ ಅಧ್ಯಕ್ಷರು ಉತ್ಸವವನ್ನೇ ಮುಂದೂಡಿ ಮಾದರಿಯಾಗಿದ್ದಾರಂತೆ! ಹಕ್ಕಿಗಳ ಬಗ್ಗೆ ಅವರಿಗೆ ಬಾಲ್ಯದಿಂದಲೂ ಪ್ರೀತಿಯಂತೆ! ಪೇಪರನ್ನು ಮುದ್ದೆ ಮಾಡಿ ಎಸೆದೆ, ಇವರು ಎತ್ತಿಕೊಂಡು ಬಿಡಿಸಿ ಓದಿದರು. "ಬೈನಾಕ್ಯುಲರ್ ಒಳ್ಳೇ ಕಂಪನಿದು" ಎಂದರು. ಅವತ್ತು ರಾತ್ರಿ ಅವರಿಗೆ ತಂಗಳೂಟ.

ಅದೇ ವಾರ ಅತ್ತಿಗೆಯ ಅಂಗಡಿ ಎತ್ತಿಸಿದರು. ಗೇಟಿನ ಹತ್ತಿರ ಶಿಸ್ತು ಇರಬೇಕು ಎಂದು ಸಮಿತಿಯ ತೀರ್ಮಾನವಂತೆ. ಹೇಳಲು ಶೇಖರ ತಾನು ಬರಲಿಲ್ಲ, ಯಾರನ್ನೋ ಕಳಿಸಿದ. ಆ ಜಾಗದಲ್ಲೀಗ ಒಂದು ಸಿಮೆಂಟಿನ ನವಿಲು ಕೂತಿದೆಯಂತೆ. ಅತ್ತಿಗೆ ಕೊಯ್ಲಿನ ಅಡಿಕೆ ಸುಲಿಯಲು ಅವರಿವರ ಮನೆಗೆ ಹೋಗುತ್ತಿದ್ದಾಳೆ. ಹಕ್ಕಿ ಉಳಿಸಿದವನ ಫೋಟೋ ಪೇಪರಿನಲ್ಲಿ, ಉಳಿಸಿದವಳು ಕಂಡವರ ಅಂಗಳದಲ್ಲಿ. ನಾನು ಸಿಟ್ಟು ಮಾಡಿಕೊಳ್ಳಬಾರದೇ? ನೀವೇ ಹೇಳಿ, ಮಾಡಿಕೊಳ್ಳಬಾರದೇ?

ಇವರು ಪಟ್ಟಿಯಲ್ಲಿ ಕನ್ನಡಕ ಒರೆಸಿದ ದಿನವೇ ಸಂಜೆ ಅತ್ತಿಗೆಗೆ ಫೋನ್ ಮಾಡಿದೆ.

"ಮರಿ ಹಾರಿದ್ವೇ ಸುಮಿತ್ರಾ" ಎಂದಳು. ದನಿಯಲ್ಲಿ ಎಷ್ಟು ಸಂತೋಷ! "ನಿನ್ನೆ ಬೆಳಿಗ್ಗೆ ಏರಿ ಮೇಲೆ ಹೋಗಿದ್ದೆ. ಮರ ಎಲ್ಲ ಖಾಲಿ ಖಾಲಿ."

"ಖುಷಿ ಆಯ್ತು ಅತ್ತಿಗೆ. ಆದ್ರೆ ಆ ಶೇಖರ ಇದ್ದಾನಲ್ಲ, ಅವನ್ನ ನಾನು ಸುಮ್ನೆ ಬಿಡಲ್ಲ! ಬರೋ ವಾರ ಬಂದು ಸಮಿತಿಯವರ ಎದ್ರಿಗೇ..."

"ಮೆಲ್ಲಗೆ ಮಾತಾಡೆ."

ಆಗ ನನ್ನ ಗಮನಕ್ಕೆ ಬಂತು. ಅವಳು ಈಗಲೂ ಪಿಸುಗುಟ್ಟುತ್ತಲೇ ಇದ್ದಳು. "ಮರಿ ಎಲ್ಲ ಹಾರಿದಾವಲ್ಲ ಅತ್ತಿಗೆ, ಇನ್ನೂ ಯಾಕೆ ಮೆಲ್ಲಗೆ? ನೀನು ಎಲ್ಲಿದೀಯಾ?"

"ಇಲ್ಲೇ, ಅತ್ತಿಮರದ ಹತ್ರ. ಎಲ್ಲ ಹಾರಿಲ್ಲ. ತುದಿ ಗೂಡು ನೆನಪಿದ್ಯಾ, ಅವತ್ತು ಕಾಗೆ ಒಯ್ತಲ್ಲ? ಅದು ಮತ್ತೆ ಮೊಟ್ಟೆ ಇಟ್ಟಿತ್ತು. ಮರಿ ಒಡೆದು ಇನ್ನೂ ಸ್ವಲ್ಪ ದಿನ ಆಗಿದೆ ಅಷ್ಟೆ, ಪುಕ್ಕ ಬಂದಿಲ್ಲ. ಅದೊಂದು ಹಾರೋ ತನಕ ಬಾಣಂತಿ ಬಾಣಂತಿನೇ. ಕೆಲಸ ಮುಗಿಸ್ಕಂಡು ಸಂಜೆ ಸಂಜೆ ಬಂದು ಇಲ್ಲಿ ಕೂರ್ತೀನಿ. ಯಾರಾದ್ರೂ ಕೂಗಿಗೀಗಿದ್ರೆ ಅಂತ."

ಯಾರಾದರೂ ಎಂದಳು, ನಿನ್ನ ಹಾಗೆ ಎನ್ನಲಿಲ್ಲ. ಫೋನ್ ಇಟ್ಟು, ಹಸಿರು ಪಟ್ಟಿಯನ್ನು ಒಗೆದು ಒಣಹಾಕಿ, ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಬೆಲ್ಲದ ಒಂದು ದೊಡ್ಡ ಚೂರು ತೆಗೆದು ಬಾಯಿಗೆ ಹಾಕಿಕೊಂಡೆ. ಇವರು ಬಂದು "ಎಂತಾಯ್ತು? ಯಾಕೆ ಸುಮ್ನಿದೀಯಾ?" ಎಂದು ಹೆದರಿ ಕೇಳಿದರು. ಬಾಯಿ ತುಂಬಿದೆ ಎಂದು ಕೈಸನ್ನೆ ಮಾಡಿ ತೋರಿಸಿದೆ.

ಅವತ್ತಿನಿಂದ ದಿನಾ ಸಂಜೆ ಹೀಗೇ. ಸಿಟ್ಟು ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಬಾಯಲ್ಲಿ ಬೆಲ್ಲವಿರುವಾಗ ಕೂಗುವ ಹಾಗಿಲ್ಲವಲ್ಲ, ಅದಕ್ಕೇ ಇದನ್ನೆಲ್ಲ ಬರೆದೆ. ಇನ್ನೂ ಕರಗಿಲ್ಲ. ಕಚ್ಚಿಯೂ ಇಲ್ಲ.